ಮನೆಯಲ್ಲೇ ಗಡಿಯಾರ: ಹಲ್ಲುಚಕ್ರ ಕೊರೆಯುವ ಕಟರ್ ಮಾಡಿಕೊಳ್ಳುವ ಬಗ್ಗೆ

ಕಲಬುರಗಿಯ ನಿವೃತ್ತ ಫಿಟ್ಟರ್, ಚರ್ಚೆ ಆರಂಭಿಸಿದವರು

ಎಲ್ಲರಿಗೂ ಶರಣು ಶರಣಾರ್ಥಿ.

ಸಿಮೆಂಟ್ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ನಾನು, ಈಗ ಮನೆಯ ಹಿಂದಿನ ಪತ್ರಾಸಿನ ಕೋಣೆಯಲ್ಲಿ ಒಂದು ಹಳೆಯ ಸಣ್ಣ ಲೇತ್ ಇಟ್ಟುಕೊಂಡು, ತೂಕದ ಗುಂಡಿನಿಂದ ನಡೆಯುವ ಲೋಲಕದ ಗೋಡೆ ಗಡಿಯಾರವೊಂದನ್ನು ಮಾಡಲು ಹೊರಟಿದ್ದೇನೆ. ಅದರ ಒಂದು ಗೇರನ್ನೂ ಕೊಂಡು ತರಬಾರದು, ಎಲ್ಲವೂ ಇದೇ ಕೋಣೆಯಲ್ಲಿ ಆಗಬೇಕು ಎಂಬುದು ನನ್ನ ಹಟ.

ಲೆಕ್ಕ ಹೀಗಿದೆ. ಹಗ್ಗ ಸುತ್ತುವ ಡ್ರಮ್ಮಿನ ಮೇಲಿರುವ ದೊಡ್ಡ ಚಕ್ರಕ್ಕೆ 96 ಹಲ್ಲು. ಅದು 8 ಹಲ್ಲಿನ ಪಿನಿಯನ್ನನ್ನು, ಅಂದರೆ ಚಿಕ್ಕ ಗೇರನ್ನು, ತಿರುಗಿಸುತ್ತದೆ. ಅದೇ ದಂಡದ ಮೇಲಿರುವ, ಗಂಟೆಗೊಮ್ಮೆ ಸುತ್ತುವ ನಡುಚಕ್ರಕ್ಕೆ 64 ಹಲ್ಲು, ಅದರ ಮುಂದೆ ಮತ್ತೆ 8ರ ಪಿನಿಯನ್. ಮೂರನೆಯ ಚಕ್ರಕ್ಕೆ 60 ಹಲ್ಲು, ಅದರ ಮುಂದೆಯೂ 8ರ ಪಿನಿಯನ್. 64ನ್ನು 8ರಿಂದ ಭಾಗಿಸಿದರೆ 8, 60ನ್ನು 8ರಿಂದ ಭಾಗಿಸಿದರೆ ಏಳೂವರೆ, ಎರಡನ್ನೂ ಗುಣಿಸಿದರೆ 60. ಹಾಗಾಗಿ ಲೋಲಕದ ತೂಗಾಟಕ್ಕೆ ತಕ್ಕಂತೆ ಒಂದೊಂದೇ ಹಲ್ಲು ಬಿಡುವ ಕೊನೆಯ ಎಸ್ಕೇಪ್ ಚಕ್ರವು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ಬರುತ್ತದೆ. ಅದಕ್ಕೆ 30 ಹಲ್ಲು ಇಟ್ಟರೆ, ಒಂದೊಂದು ಹಲ್ಲಿಗೆ ಎರಡು ಟಿಕ್‌ನಂತೆ ಸೆಕೆಂಡಿಗೊಂದು ಟಿಕ್ ಸಿಗುತ್ತದೆ. ಹಲ್ಲಿನ ಗಾತ್ರ ಹೇಳುವ ಮಾಡ್ಯೂಲ್ 0.8 ಎಂದು ಗೊತ್ತುಮಾಡಿಕೊಂಡಿದ್ದೇನೆ. 64 ಹಲ್ಲಿನ ಚಕ್ರದ ಪಿಚ್ ವ್ಯಾಸ, ಅಂದರೆ ಎರಡು ಗೇರುಗಳು ಒಂದನ್ನೊಂದು ತಾಗುವಂತೆ ಲೆಕ್ಕಕ್ಕೆ ಹಿಡಿಯುವ ವೃತ್ತದ ವ್ಯಾಸ, 51.2 ಮಿ.ಮೀ. ಆಗುತ್ತದೆ, ಹಲ್ಲಿನ ತುದಿಯವರೆಗಿನ ಹೊರವ್ಯಾಸಕ್ಕೆ ಹಲ್ಲಿನ ಸಂಖ್ಯೆಗೆ 2.76 ಕೂಡಿಸಿ ಮಾಡ್ಯೂಲಿನಿಂದ ಗುಣಿಸಿದರೆ 53.4 ಮಿ.ಮೀ. ಬರುತ್ತದೆ.

ತೊಡಕು ಇರುವುದು ಕಟರಿನಲ್ಲಿ. ಅಂಗಡಿಯಲ್ಲಿ ದೊರೆಯುವ ಗೇರ್ ಕಟರುಗಳೆಲ್ಲ ಇನ್ವೊಲ್ಯೂಟ್ ಎಂಬ, ಸಾಮಾನ್ಯ ಯಂತ್ರಗಳ ಹಲ್ಲಿನ ಆಕಾರದವು, ಗಡಿಯಾರದ ಹಲ್ಲಿನ ಸೈಕ್ಲಾಯ್ಡ್ ಆಕಾರವೇ ಬೇರೆ. ಆದ್ದರಿಂದ 12 ಮಿ.ಮೀ. ಸಿಲ್ವರ್ ಸ್ಟೀಲ್ (ಕಾಯಿಸಿ ಅದ್ದಿದರೆ ಗಡಸಾಗುವ ಉಕ್ಕು) ಸರಳಿನಿಂದ ಒಂದೇ ಹಲ್ಲಿನ ಕಟರ್, ಅಂದರೆ ಫ್ಲೈ ಕಟರ್, ನಾನೇ ಮಾಡಿಕೊಂಡೆ. ಸಣ್ಣ ಅರಗಳಿಂದ ಎರಡು ಸಂಜೆ ಉಜ್ಜಿ ಆಕಾರ ಕೊಟ್ಟು, ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದಾಗ ಟಿಣ್ ಎಂಬ ಶಬ್ದ ಕೇಳಿಸಿತು. ತೆಗೆದು ನೋಡಿದರೆ ಹಲ್ಲಿನ ಬುಡದಲ್ಲಿ ಕೂದಲಿನಂಥ ಬಿರುಕು. ಎರಡನೆಯ ಕಟರ್ ಬದುಕಿತು. ಅದರಿಂದ 64 ಹಲ್ಲಿನ ಚಕ್ರ ಕೊರೆದೆ. ಅರವತ್ತಮೂರು ಹಲ್ಲುಗಳು ಕಣ್ಣಿಗೆ ಒಂದೇ ಸಮನಾಗಿ ಬಂದವು, ಅರವತ್ತನಾಲ್ಕನೆಯದು ಉಳಿದವುಗಳ ಅರ್ಧದಷ್ಟು ದಪ್ಪಕ್ಕೆ ನಿಂತಿತು. ಭಾಗ ಮಾಡಲು ನಾನು 200 ಮಿ.ಮೀ. ವ್ಯಾಸದ ತಗಡಿನ ಬಿಲ್ಲೆಯ ಮೇಲೆ ಕೈವಾರವನ್ನು ಒಂದೊಂದೇ ಹೆಜ್ಜೆ ನಡೆಸಿ ಗುರುತು ಹಾಕಿಕೊಂಡಿದ್ದೆ.

ಬಿರುಕು ಬಿಡದಂತೆ ಹದ ಹಾಕುವುದು ಹೇಗೆ, ಭಾಗವನ್ನು ತಪ್ಪಿಲ್ಲದೆ ಮಾಡುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕಪನೂರಿನ ಟರ್ನರ್

ಕಾಕಾ ಅವರಿಗೆ ನಮಸ್ಕಾರ. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಲೇತ್ ಶಾಪ್ ಇದೆ. ಹದ ಹಾಕುವ ವಿಷಯವನ್ನು ನನಗಿಂತ ಬಲ್ಲವರು ಬರೆಯಲಿ, ನಾನು ಕಟರಿನ ಆಕಾರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಕಟರ್ ಚೆನ್ನಾಗಿ ಕೊರೆಯುತ್ತದೋ ಇಲ್ಲವೋ ಎಂಬುದು ಕುಲುಮೆಗೆ ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ.

ಕಟರ್ ಕೊರೆಯುವುದು ಹಲ್ಲನ್ನಲ್ಲ, ಎರಡು ಹಲ್ಲುಗಳ ನಡುವಿನ ಸಂದನ್ನು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಚಿತ್ರ ಬರೆದುಕೊಳ್ಳಬೇಕು. ಪಿಚ್ ಗೆರೆಯಲ್ಲಿ ಸಂದಿನ ಅಗಲ ಮಾಡ್ಯೂಲಿನ 1.57 ಪಟ್ಟು, ಅಂದರೆ ನಿಮ್ಮ 0.8ಕ್ಕೆ 1.26 ಮಿ.ಮೀ. ಆ ಗೆರೆಯಿಂದ ಒಳಗೆ, ಚಕ್ರದ ನಡುವಿನ ಕಡೆಗೆ, ಸಂದಿನ ಗೋಡೆಗಳು ನೇರವಾಗಿ ಇಳಿಯುತ್ತವೆ. ಬುಡಕ್ಕೆ ಬರುವಷ್ಟರಲ್ಲಿ ಸಂದು ತುಸು ಮಾತ್ರ ಕಿರಿದಾಗುತ್ತದೆ. ಗೆರೆಯಿಂದ ಹೊರಗೆ ಹಲ್ಲಿನ ತುದಿ ದುಂಡಾಗುವುದರಿಂದ ಕಟರಿನ ಎರಡೂ ಹೆಗಲುಗಳು ಒಳಬಾಗಿದ ಕಮಾನಿನಂತೆ ಇರಬೇಕು. ಆ ಕಮಾನನ್ನು ಕಣ್ಣಂದಾಜಿನಲ್ಲಿ ಅರದಿಂದ ಮಾಡಿದರೆ ಎಡಕ್ಕೂ ಬಲಕ್ಕೂ ಎಂದೂ ತಾಳೆಯಾಗುವುದಿಲ್ಲ. 0.8 ಮಾಡ್ಯೂಲಿಗೆ ನಾನು ಸುಮಾರು ಒಂದೂವರೆ ಮಿ.ಮೀ. ತ್ರಿಜ್ಯದ ಕಮಾನು ಇಡುತ್ತೇನೆ. 3 ಮಿ.ಮೀ. ಡ್ರಿಲ್ಲಿನ ನಯವಾದ ಹಿಡಿಭಾಗಕ್ಕೆ ಸಣ್ಣ ಎಮರಿ ಕಾಗದ ಸುತ್ತಿ, ಎರಡೂ ಹೆಗಲಿಗೆ ಎಣಿಸಿ ಅಷ್ಟಷ್ಟೇ ಸಲ ಎಳೆದರೆ ಎರಡೂ ಕಡೆ ಒಂದೇ ಕಮಾನು ಬರುತ್ತದೆ.

ಉಜ್ಜುವಾಗ ಅರವನ್ನು ಹಿಂದಕ್ಕೆ ಸುಮಾರು 10 ಡಿಗ್ರಿ ಬಾಗಿಸಿಯೇ ಹಿಡಿಯಬೇಕು. ಕಟರಿನ ಮುಂದಿನ ಅಂಚು ಮಾತ್ರ ಲೋಹವನ್ನು ಮುಟ್ಟಬೇಕು, ಹಿಂಭಾಗ ದೂರ ಸರಿದಿರಬೇಕು. ಹಿಂಭಾಗವೂ ತಾಗಿದರೆ ಕಟರ್ ಕೊರೆಯುವ ಬದಲು ತಿಕ್ಕುತ್ತದೆ, ಬಿಸಿಯಾಗುತ್ತದೆ, ಹಾಕಿದ ಹದವೂ ಇಳಿಯುತ್ತದೆ. ಇನ್ನು ಮುಂದಿನ ಮುಖದ ಬಗ್ಗೆ ಒಂದು ಮಾತು. ಕಬ್ಬಿಣ ಕೆತ್ತುವ ಉಳಿಗೆ ಕೊಡುವಂತೆ ಹಿತ್ತಾಳೆ ಕೊರೆಯುವ ಕಟರಿನ ಮುಖಕ್ಕೆ ಇಳಿಜಾರು ಕೊಡಬಾರದು. ಅದು ನಡುಬಿಂದುವಿನ ನೇರಕ್ಕೆ ಚಪ್ಪಟೆಯಾಗಿಯೇ ಇರಬೇಕು. ಇಳಿಜಾರು ಕೊಟ್ಟರೆ ಕಟರ್ ಹಿತ್ತಾಳೆಯನ್ನು ಕಚ್ಚಿ ತನ್ನೊಳಗೆ ಎಳೆದುಕೊಳ್ಳುತ್ತದೆ, ಆಗ ಚಕ್ರವೂ ಹೋಗುತ್ತದೆ, ಕಟರಿನ ಮೂಗೂ ಹೋಗುತ್ತದೆ.

ವೇಗ ಚೆನ್ನಾಗಿರಲಿ. ಹಲ್ಲು ಒಂದೇ ಇರುವುದರಿಂದ ನಿಮಿಷಕ್ಕೆ 2000ದಿಂದ 2500 ಸುತ್ತು ಇದ್ದರೆ ಹಿತ್ತಾಳೆಯ ಮೇಲೆ ಕನ್ನಡಿಯಂಥ ಮುಖ ಬರುತ್ತದೆ. ಚಕ್ರದ ಬಿಲ್ಲೆಯ ಹಿಂದೆ ಇನ್ನೊಂದು ಬೇಡವಾದ ಹಿತ್ತಾಳೆ ಬಿಲ್ಲೆಯನ್ನು ಒತ್ತಿ ಕಟ್ಟಿದರೆ ಕಟರ್ ಹೊರಬರುವ ಕಡೆ ಸಿಬಿರು ಏಳುವುದಿಲ್ಲ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಲೇಬಾರದು. ಹಿತ್ತಾಳೆಯ ಪುಡಿ ಸೂಜಿಯಂತೆ ಹಾರುತ್ತದೆ.

ಹುಮನಾಬಾದಿನ ವಿದ್ಯಾರ್ಥಿ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ಲೇಸರಿನಿಂದಲೋ ವಿದ್ಯುತ್ ಹರಿಯುವ ತಂತಿಯಿಂದ ಲೋಹ ಕತ್ತರಿಸುವ ವೈರ್ ಕಟ್ ಯಂತ್ರದಿಂದಲೋ ಅರ್ಧ ದಿನದಲ್ಲಿ ಎಲ್ಲ ಚಕ್ರಗಳೂ ಸಿದ್ಧವಾಗುವಾಗ, ಒಂದು ಕಟರಿಗಾಗಿ ಇಷ್ಟು ಶ್ರಮಪಡುವುದರ ಪ್ರಯೋಜನವೇನೆಂದು ತಿಳಿಯುವ ಆಸೆಯಿಂದ ಕೇಳುತ್ತಿದ್ದೇನೆ. ತಪ್ಪಾಗಿ ಭಾವಿಸಬೇಡಿ. ಇನ್ವೊಲ್ಯೂಟ್ ಹಲ್ಲು ಗಡಿಯಾರಕ್ಕೆ ಏಕೆ ಆಗದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ನಮಗೆ ತರಗತಿಯಲ್ಲಿ ಅದನ್ನೇ ಕಲಿಸಿದ್ದಾರೆ.

ಕಲಬುರಗಿಯ ನಿವೃತ್ತ ಫಿಟ್ಟರ್

ತಪ್ಪೇನಿಲ್ಲ ತಮ್ಮಾ, ಕೇಳಬೇಕಾದ ಪ್ರಶ್ನೆಯೇ. ವೈರ್ ಕಟ್ಟಿನಲ್ಲಿ ಚಕ್ರ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನನಗೆ ಬೇಕಾಗಿರುವುದು ಚಕ್ರಕ್ಕಿಂತ ಹೆಚ್ಚಾಗಿ ಚಕ್ರ ಮಾಡುವ ಕೈ. ನನ್ನ ಇಡೀ ನೌಕರಿಯಲ್ಲಿ ಬೇರೆಯವರು ಮಾಡಿದ ಗೇರುಗಳನ್ನು ಬಿಚ್ಚಿ ಜೋಡಿಸಿದ್ದೇನೆ, ಒಂದನ್ನೂ ಮಾಡಿರಲಿಲ್ಲ. ಹಲ್ಲಿನ ಆಕಾರದ ಪ್ರಶ್ನೆಗೆ ಗಡಿಯಾರ ದುರಸ್ತಿಯವರು ಯಾರಾದರೂ ಉತ್ತರಿಸಲಿ.

ಬೀದರಿನ ಬಿದ್ರಿ ಕಸುಬಿನವರು

ನಮ್ಮೂರಿನ ಚೌಬಾರಾ ಗೋಪುರದ ಮೇಲಿನ ಗಡಿಯಾರವನ್ನು ನೋಡುತ್ತಲೇ ಬೆಳೆದವನು ನಾನು, ಆದರೆ ಅದರ ಒಳಗನ್ನು ಕಂಡವನಲ್ಲ. ನನಗೆ ಗೊತ್ತಿರುವುದು ಉಳಿ ಮತ್ತು ಹದ, ಇವೆರಡೇ. ಬಿದ್ರಿ ಕೆಲಸದಲ್ಲಿ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಗೆರೆ ಕೆತ್ತಿ ಬೆಳ್ಳಿ ಕೂರಿಸುತ್ತೇವೆ. ಕೆತ್ತುವ ಸಣ್ಣ ಉಳಿಗಳನ್ನು ನಮ್ಮ ಮನೆಯಲ್ಲಿ ನಾವೇ ಮಾಡಿಕೊಂಡು ನಾವೇ ಹದ ಹಾಕುತ್ತೇವೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಅಣ್ಣಾವ್ರ ಕಟರ್ ಬಿರುಕು ಬಿಟ್ಟಿರುವುದು ಹಲ್ಲಿನ ಬುಡದಲ್ಲಿ, ಅಂದರೆ ತೆಳುವಾದ ಭಾಗವು ದಪ್ಪ ಭಾಗವನ್ನು ಸೇರುವ ಮೂಲೆಯಲ್ಲಿ. ತೆಳ್ಳಗಿನದು ನೀರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ, ದಪ್ಪನೆಯದು ಇನ್ನೂ ಕೆಂಪಗೇ ಇರುತ್ತದೆ, ಅವೆರಡರ ಜಗ್ಗಾಟ ಆ ಮೂಲೆಗೆ ಬೀಳುತ್ತದೆ. ಅಲ್ಲಿ ಅರದ ಒಂದು ಗೀರು ಉಳಿದಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದ ಮೂಲೆಯನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡು ಮಾಡಿ, ಕಾಯಿಸುವ ಮೊದಲೇ ಎಲ್ಲ ಗೀರುಗಳನ್ನೂ ಎಮರಿಯಿಂದ ನಯ ಮಾಡಿ. ಸಿಲ್ವರ್ ಸ್ಟೀಲಿಗೆ ನೀರೇ ಸರಿ ಎಂದು ಹೇಳುವುದುಂಟು. ದಪ್ಪ ಸರಳಿಗೆ ಅದು ನಿಜ. ಇಷ್ಟು ಸಣ್ಣ ತುಂಡು ಎಣ್ಣೆಯಲ್ಲಿಯೇ ಸಾಕಷ್ಟು ಗಡಸಾಗುತ್ತದೆ. ನಾನು ಮನೆಯ ಕುಸುಬೆ ಎಣ್ಣೆಯನ್ನೇ ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸಿ ಬಳಸುತ್ತೇನೆ. ತಗಡಿನ ಡಬ್ಬಿಯಲ್ಲಿ ಎಣ್ಣೆ ಇರಲಿ, ಪ್ಲಾಸ್ಟಿಕ್ ಬೇಡ. ಮುಚ್ಚಳ ಪಕ್ಕದಲ್ಲೇ ಇರಲಿ, ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ಬೇಕಾಗುತ್ತದೆ.

ಎಷ್ಟು ಕಾಯಬೇಕು ಎಂಬುದನ್ನು ಬಣ್ಣ ನೋಡಿ ಹೇಳುತ್ತೇವೆ, ಆದರೆ ಬಿಸಿಲಿನಲ್ಲಿ ನೋಡಿದ ಕೆಂಪೇ ಬೇರೆ, ಕತ್ತಲೆಯ ಮೂಲೆಯಲ್ಲಿ ನೋಡಿದ ಕೆಂಪೇ ಬೇರೆ. ಹೊಸಬರಿಗೆ ಅಯಸ್ಕಾಂತವೇ ಒಳ್ಳೆಯ ಗುರು. ಉಕ್ಕು ಸುಮಾರು 770 ಡಿಗ್ರಿಗೆ ಬಂದಾಗ ಅಯಸ್ಕಾಂತ ಅದನ್ನು ಸೆಳೆಯುವುದನ್ನು ಬಿಡುತ್ತದೆ. ಅಲ್ಲಿಂದ ತುಸು ಮೇಲೆ, ಒಂದು ಛಾಯೆ ಹೆಚ್ಚು ಕೆಂಪಾದ ಮೇಲೆ, ನಿಧಾನಿಸದೆ ಎಣ್ಣೆಗೆ ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಅಡ್ಡಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ. ಕಾಯಿಸುವ ಮೊದಲು ಬಟ್ಟೆ ಸೋಪನ್ನು ಕೊರೆಯುವ ಅಂಚಿಗೆಲ್ಲ ದಪ್ಪಗೆ ಮೆತ್ತಿದರೆ ಅಂಚು ಸುಟ್ಟು ಸಿಪ್ಪೆ ಏಳುವುದಿಲ್ಲ.

ಈಗ ಅದು ಗಾಜಿನಂತೆ ಗಡಸಾಗಿರುತ್ತದೆ. ಅರ ಹಾಕಿದರೆ ಜಾರಬೇಕು. ಹಾಗೆಯೇ ಬಳಸಿದರೆ ಅಂಚು ಉದುರುತ್ತದೆ. ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ, ತಟ್ಟೆಯಲ್ಲಿ ಹಿತ್ತಾಳೆಯ ಪುಡಿ ಹರಡಿ ಅದರ ಮೇಲೆ ಕಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಪುಡಿಯ ಮೇಲೆ ಕಾವು ಒಂದೇ ಸಮ ಏರುತ್ತದೆ. ಒಣಹುಲ್ಲಿನ ತಿಳಿ ಹಳದಿ ಬಣ್ಣ ಕಂಡ ಕೂಡಲೇ ತೆಗೆಯಬೇಕು. ಅದು ಸುಮಾರು 230 ಡಿಗ್ರಿ. ಕಂದು ಬಣ್ಣಕ್ಕೆ ಹೋದರೆ ಕಟರ್ ಮೆತ್ತಗಾಯಿತೆಂದೇ ಅರ್ಥ, ಮತ್ತೆ ಮೊದಲಿನಿಂದ.

ಇನ್ನೊಂದು ವಿಷಯ. ಉಕ್ಕಿನ ಮೇಲೆ ಆಕಾರದ ಗೆರೆ ಎಳೆಯುವಾಗ ಕಾಣದೆ ಕಷ್ಟಪಡುತ್ತಿದ್ದರೆ ಮೈಲುತುತ್ತ ಬಳಸಿ. ನಾವು ಬಿದ್ರಿ ಪಾತ್ರೆಗೆ ಮೈಲುತುತ್ತದ ನೀರು ಹಚ್ಚಿದರೆ ಅದು ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಕೆತ್ತಿದ ಗೆರೆ ಬೆಳ್ಳಗೆ ಹೊಳೆಯುತ್ತದೆ. ಅದೇ ನೀರನ್ನು ಎಣ್ಣೆಜಿಡ್ಡಿಲ್ಲದ ಉಕ್ಕಿಗೆ ಹಚ್ಚಿದರೆ ತೆಳುವಾದ ತಾಮ್ರದ ಪೊರೆ ಕೂರುತ್ತದೆ. ಸೂಜಿಮೊನೆಯಿಂದ ಎಳೆದ ಗೆರೆ ಆ ಕೆಂಪಿನ ನಡುವೆ ಎದ್ದು ಕಾಣುತ್ತದೆ. ಅದು ವಿಷ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಯಾದಗಿರಿಯ ಗಣಿತ ಶಿಕ್ಷಕಿ

ಹಿರಿಯರ ಚಕ್ರದ ಕೊನೆಯ ಹಲ್ಲು ಅರ್ಧವಾದದ್ದು ಏಕೆಂದು ಲೆಕ್ಕ ಹಾಕಿ ನೋಡಿದೆ. 200 ಮಿ.ಮೀ. ಬಿಲ್ಲೆಯ ಅಂಚಿನಲ್ಲಿ ಕೈವಾರದ ಹೆಜ್ಜೆ ಬರೀ 0.04 ಮಿ.ಮೀ. ಉದ್ದವಾಗಿತ್ತು ಎಂದಿಟ್ಟುಕೊಳ್ಳಿ. ಇದು ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಚಕ್ರದ ಪಿಚ್ ಗೆರೆಗೆ ಇಳಿಸಿದರೆ ಒಂದು ಹೆಜ್ಜೆಗೆ 0.01 ಮಿ.ಮೀ. ಆಯಿತು. ಆದರೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಹೋದಾಗ ತಪ್ಪಿನ ಮೇಲೆ ತಪ್ಪು ಕೂಡುತ್ತದೆ. ಅರವತ್ತಮೂರು ಹೆಜ್ಜೆಗೆ ಅದು 0.63 ಮಿ.ಮೀ. ಆಗಿ, 1.26 ಮಿ.ಮೀ. ದಪ್ಪದ ಕೊನೆಯ ಹಲ್ಲಿನ ಸರಿಯಾಗಿ ಅರ್ಧವನ್ನು ತಿಂದುಹಾಕುತ್ತದೆ. ಅವರ ಕೈ ಒರಟಲ್ಲ. ವಿಧಾನವೇ ತಪ್ಪನ್ನು ಬೆಳೆಸುವಂಥದ್ದು.

ತಪ್ಪು ಬೆಳೆಯದೆ ಕುಗ್ಗಬೇಕಾದರೆ ಐಟಿಐಗಳಲ್ಲಿ ಕಲಿಸುವ ಇಂಡೆಕ್ಸಿಂಗ್ ಹೆಡ್, ಅಂದರೆ ಚಕ್ರವನ್ನು ಸಮಭಾಗಗಳಾಗಿ ತಿರುಗಿಸುವ ಸಾಧನ, ಬೇಕು. ಅದರ ಹಿಡಿಕೆ ನಲವತ್ತು ಸುತ್ತು ಬಂದರೆ ಚಕ್ರ ಒಂದು ಸುತ್ತು ಬರುತ್ತದೆ. 40ನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಒಂದು ಹಲ್ಲಿಗೆ ಹಿಡಿಕೆಯನ್ನು ಎಷ್ಟು ತಿರುಗಿಸಬೇಕೆಂದು ಸಿಗುತ್ತದೆ. ಈ ಗಡಿಯಾರದ ಸಂಖ್ಯೆಗಳನ್ನು ಹೀಗೆ ಭಾಗಿಸುತ್ತಾ ಹೋದಾಗ ನನಗೆ ಬಹಳ ಸಂತೋಷ ಕೊಟ್ಟ ಒಂದು ಸಂಗತಿ ಕಂಡಿತು. 96 ಹಲ್ಲಿಗೆ ಹನ್ನೆರಡರಲ್ಲಿ ಐದು ಸುತ್ತು ಬೇಕು. ಹಿಡಿಕೆಯ ಪೂರ್ಣವಲ್ಲದ ಸುತ್ತನ್ನು ರಂಧ್ರ ಎಣಿಸಿ ಅಳೆಯುವ ಬ್ರೌನ್ ಆ್ಯಂಡ್ ಶಾರ್ಪ್ ಮಾದರಿಯ ಮೂರು ತಟ್ಟೆಗಳಲ್ಲಿ 15ರಿಂದ 49ರವರೆಗೆ ಹದಿನೆಂಟು ಬಗೆಯ ರಂಧ್ರವೃತ್ತಗಳಿದ್ದರೂ ಹನ್ನೆರಡರಿಂದ ಭಾಗವಾಗುವ ವೃತ್ತ ಒಂದೂ ಇಲ್ಲ. ಹಾಗಾಗಿ ಆ ತಟ್ಟೆಗಳಿಂದ 96 ಹಲ್ಲು ನೇರವಾಗಿ ಆಗದು. ಆದರೆ 24 ರಂಧ್ರಗಳ ಒಂದೇ ಒಂದು ವೃತ್ತವನ್ನು ನೀವೇ ಮಾಡಿಕೊಂಡರೆ ಇಡೀ ಗಡಿಯಾರ ಅದರಲ್ಲಿ ಮುಗಿಯುತ್ತದೆ. 96ಕ್ಕೆ 10 ರಂಧ್ರ, 64ಕ್ಕೆ 15 ರಂಧ್ರ, 60ಕ್ಕೆ 16 ರಂಧ್ರ, 30ಕ್ಕೆ ಒಂದು ಪೂರ್ಣ ಸುತ್ತು ಮತ್ತು 8 ರಂಧ್ರ. 8ರ ಪಿನಿಯನ್ನಿಗೆ ತಟ್ಟೆಯೇ ಬೇಡ, ಐದು ಪೂರ್ಣ ಸುತ್ತು ಸಾಕು.

24 ಎಂಬುದು ಕೈವಾರಕ್ಕೆ ಒಲಿಯುವ ಸಂಖ್ಯೆ. ವೃತ್ತದ ತ್ರಿಜ್ಯವನ್ನೇ ಪರಿಧಿಯ ಮೇಲೆ ಆರು ಸಲ ಇಟ್ಟರೆ ಅದು ಸರಿಯಾಗಿ ಆರು ಭಾಗವಾಗುತ್ತದೆ. ಪ್ರತಿ ಭಾಗವನ್ನು ಅರ್ಧ ಮಾಡಿದರೆ ಹನ್ನೆರಡು, ಮತ್ತೊಮ್ಮೆ ಅರ್ಧ ಮಾಡಿದರೆ ಇಪ್ಪತ್ತನಾಲ್ಕು. ಎಂಟನೆಯ ತರಗತಿಯ ಮಕ್ಕಳಿಗೂ ಬರುವ ರಚನೆ ಇದು. 200 ಮಿ.ಮೀ. ವ್ಯಾಸದ ವೃತ್ತದಲ್ಲಿ ಅಕ್ಕಪಕ್ಕದ ರಂಧ್ರಗಳ ನಡುವಿನ ನೇರ ಅಂತರ 26.1 ಮಿ.ಮೀ. ಬಂದರೆ ನಿಮ್ಮ ಕೆಲಸ ಸರಿಯಾಗಿದೆ ಎಂದು ತಿಳಿಯಿರಿ. ಒಂದು ರಂಧ್ರ 0.3 ಮಿ.ಮೀ. ಅತ್ತಿತ್ತ ಕೊರೆದುಹೋದರೂ ಆ ತಪ್ಪು ನಲವತ್ತರಲ್ಲಿ ಒಂದು ಭಾಗಕ್ಕೆ ಇಳಿದು ಚಕ್ರದ ಅಂಚಿನಲ್ಲಿ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ಮಾತ್ರ ಉಳಿಯುತ್ತದೆ. ಹೆಡ್ಡಿನ ಒಳಗೆ ಹಿಡಿಕೆಯ ಸ್ಕ್ರೂ ತಿರುಗಿಸುವ ಹುಳಚಕ್ರವೇ (ವರ್ಮ್ ವೀಲ್) ಸವೆದಿದ್ದರೆ ಅದರ ತಪ್ಪನ್ನು ಈ ತಟ್ಟೆ ತಿದ್ದಲಾರದು. ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ; ರಂಧ್ರ ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ತರದೆ, ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ.

ಕಪನೂರಿನ ಟರ್ನರ್

ಮೇಡಮ್ ಅವರ ಲೆಕ್ಕ ನೋಡಿ ಬೆರಗಾಯಿತು. ಇಪ್ಪತ್ತು ವರ್ಷದಿಂದ ಆ ತಟ್ಟೆಗಳನ್ನು ತಿರುಗಿಸುತ್ತಿರುವ ನನಗೆ 96 ಅದರಲ್ಲಿ ಕೂರುವುದಿಲ್ಲ ಎಂಬುದು ಹೊಳೆದೇ ಇರಲಿಲ್ಲ. ಕಾಕಾ, ನನ್ನ ಶಾಪಿನಲ್ಲಿ ನಲವತ್ತರ ಹೆಡ್ ಒಂದು ಸುಮ್ಮನೆ ಬಿದ್ದಿದೆ. ಹುಳಚಕ್ರ ಚೆನ್ನಾಗಿದೆ. ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದುಕೊಡಿ. 24ರ ತಟ್ಟೆ ನಿಮ್ಮ ಕೈಯದೇ ಇರಲಿ.

ಕೊರೆಯುವ ಮೊದಲು ಕಟರ್ ಚಕ್ರದ ನಡುಗೆರೆಗೆ ಸರಿಯಾಗಿ ನಿಂತಿದೆಯೇ ಎಂದು ನೋಡಲೇಬೇಕು. ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೂ ಹಲ್ಲುಗಳೆಲ್ಲ ಒಂದೇ ಕಡೆ ವಾಲಿಕೊಂಡು ನಿಲ್ಲುತ್ತವೆ. ಬೇಡವಾದ ಬಿಲ್ಲೆಯಲ್ಲಿ ಒಂದು ಸಂದು ಕೊರೆದು, ಬಿಲ್ಲೆಯನ್ನು ಅದೇ ದಂಡದ ಮೇಲೆ ಮಗುಚಿ ಹಾಕಿ, ಕಟರನ್ನು ಕೈಯಿಂದ ತಿರುಗಿಸಿ ಅದೇ ಸಂದಿಗೆ ಇಳಿಸಿ ನೋಡಿ. ಎರಡೂ ಗೋಡೆ ಸಮನಾಗಿ ತಾಗಿದರೆ ನಡುವಿನಲ್ಲಿದೆ. ಒಂದೇ ಗೋಡೆ ತಾಗಿದರೆ, ತಾಗದ ಕಡೆಯ ಅಂತರವನ್ನು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಸರಿಸಿ ಮತ್ತೆ ಪರೀಕ್ಷಿಸಿ.

ಕಲಬುರಗಿಯ ಗಡಿಯಾರ ದುರಸ್ತಿಯವರು

ಹುಮನಾಬಾದಿನ ತಮ್ಮನ ಪ್ರಶ್ನೆ ಹಾಗೆಯೇ ಉಳಿದಿದೆ. ಯಂತ್ರಗಳಲ್ಲಿ ಸಾಮಾನ್ಯವಾಗಿ ಚಿಕ್ಕ ಗೇರು ದೊಡ್ಡದನ್ನು ತಿರುಗಿಸುತ್ತದೆ, ಗಡಿಯಾರದಲ್ಲಿ ಅದು ತಿರುವುಮುರುವು. ದೊಡ್ಡ ಚಕ್ರ ಎಂಟು ಹಲ್ಲಿನ ಪಿನಿಯನ್ನನ್ನು ಓಡಿಸಬೇಕು, ಅದೂ ಎಣ್ಣೆ ಇಲ್ಲದೆ, ಏಕೆಂದರೆ ಗಡಿಯಾರದ ಹಲ್ಲಿಗೆ ನಾವು ಎಣ್ಣೆ ಹಾಕುವುದಿಲ್ಲ. ಹಾಕಿದರೆ ದೂಳು ಅಂಟಿ ಅದೇ ಎಮರಿಯಾಗಿ ಸವೆಸುತ್ತದೆ. ಎರಡು ನಡುಬಿಂದುಗಳನ್ನು ಸೇರಿಸುವ ಗೆರೆಗೆ ಬರುವ ಮೊದಲೇ ಹಲ್ಲುಗಳು ತಾಗಿದರೆ ಒಂದನ್ನೊಂದು ಒಳಕ್ಕೆ ತಳ್ಳಿಕೊಂಡು ತಿಕ್ಕುತ್ತವೆ. ಗೆರೆ ದಾಟಿದ ಮೇಲೆ ತಾಗಿದರೆ ನಯವಾಗಿ ಜಾರಿ ಬಿಡಿಸಿಕೊಳ್ಳುತ್ತವೆ. ಸೈಕ್ಲಾಯ್ಡ್ ಹಲ್ಲಿನಲ್ಲಿ ತಾಗುವಿಕೆಯ ಬಹುಪಾಲು ಗೆರೆ ದಾಟಿದ ಮೇಲೆ ಆಗುವಂತೆ ಮಾಡಬಹುದು. 20 ಡಿಗ್ರಿಯ ಇನ್ವೊಲ್ಯೂಟಿನಲ್ಲಿ 17ಕ್ಕಿಂತ ಕಡಿಮೆ ಹಲ್ಲಿನ ಪಿನಿಯನ್ ಮಾಡಿದರೆ ಬುಡವೇ ಕೊರೆದುಹೋಗುತ್ತದೆ ಎಂಬುದನ್ನು ನಿಮ್ಮ ತರಗತಿಯಲ್ಲಿಯೂ ಹೇಳಿರುತ್ತಾರೆ. ಎಂಟು ಹಲ್ಲಿಗೆ ಅದು ಹೊಂದುವುದು ಕಷ್ಟ.

ಈಗ ಹಿರಿಯರಿಗೆ ಒಂದು ಸಲಹೆ. ಪಿನಿಯನ್ನನ್ನು ಉಕ್ಕಿನಲ್ಲಿ ಕೊರೆಯಲು ಇನ್ನೊಂದು ಕಟರ್ ಮಾಡುವ ಬದಲು ಲ್ಯಾಂಟರ್ನ್ ಪಿನಿಯನ್ ಮಾಡಿ. ಎರಡು ಹಿತ್ತಾಳೆ ಬಿಲ್ಲೆಗಳ ನಡುವೆ 6.4 ಮಿ.ಮೀ. ವೃತ್ತದಲ್ಲಿ ಎಂಟು ಗಡಸು ಉಕ್ಕಿನ ಕಡ್ಡಿಗಳನ್ನು ನಿಲ್ಲಿಸಿದರೆ, ಹಕ್ಕಿಯ ಪಂಜರದಂತೆ ಕಾಣುವ ಅದೇ ಪಿನಿಯನ್ ಆಗುತ್ತದೆ. ಕಡ್ಡಿಯ ದಪ್ಪ ಸುಮಾರು 0.84 ಮಿ.ಮೀ. ಇರಬೇಕು. ಬಟ್ಟೆ ಹೊಲಿಯುವ ಸೂಜಿಗಳಲ್ಲಿ ಅಷ್ಟು ದಪ್ಪದವು ಸಿಗುತ್ತವೆ, ನಯವಾಗಿಯೂ ಗಡಸಾಗಿಯೂ ಇರುತ್ತವೆ. ಮೈಕ್ರೊಮೀಟರ್ ಹಿಡಿದು ಆರಿಸಿಕೊಂಡರಾಯಿತು. ಚಕ್ರ ಪಿನಿಯನ್ನನ್ನು ಓಡಿಸುವಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಪಿನಿಯನ್ನೇ ಚಕ್ರವನ್ನು ಓಡಿಸಬೇಕಾದ ಮುಳ್ಳುಗಳ ಕೆಳಗಿನ ಗೇರುಗಳಿಗೆ ಮಾತ್ರ ಇದು ಬೇಡ. ದುರಸ್ತಿಗೆ ನನ್ನ ಬಳಿ ಬರುವ ಹಳೆಯ ಗಂಟೆ ಗಡಿಯಾರಗಳಲ್ಲಿ ಇಂಥ ಪಿನಿಯನ್ನುಗಳನ್ನು ಎಷ್ಟೋ ನೋಡಿದ್ದೇನೆ. ಕಡ್ಡಿ ಸವೆದರೆ ಅದೊಂದನ್ನೇ ಬದಲಿಸಬಹುದು.

ಇನ್ನು, ಲೆಕ್ಕದ ಪ್ರಕಾರ 64ರ ಚಕ್ರಕ್ಕೂ ಪಿನಿಯನ್ನಿಗೂ ನಡುವಿನ ದೂರ 28.8 ಮಿ.ಮೀ. ಆಗುತ್ತದೆ. ಆ ಅಳತೆಯನ್ನು ನಂಬಿ ತಗಡಿಗೆ ರಂಧ್ರ ಕೊರೆಯಬೇಡಿ. ಕೈಯಿಂದ ಮಾಡಿದ ಕಟರಿನ ಹಲ್ಲು ಲೆಕ್ಕದ ಹಲ್ಲಿಗಿಂತ ಕೂದಲೆಳೆಯಷ್ಟಾದರೂ ಬೇರೆ ಇದ್ದೇ ಇರುತ್ತದೆ. ಚಕ್ರ ಮತ್ತು ಪಿನಿಯನ್ ಎರಡನ್ನೂ ಡೆಪ್ತಿಂಗ್ ಟೂಲಿನಲ್ಲಿ, ಅಂದರೆ ಎರಡು ದಂಡಗಳ ನಡುವಿನ ದೂರವನ್ನು ಸ್ಕ್ರೂವಿನಿಂದ ಹೊಂದಿಸುವ ಸಾಧನದಲ್ಲಿ, ಕೂರಿಸಿ, ಬೆರಳಿನಿಂದ ತಿರುಗಿಸುತ್ತಾ, ಕಿವಿಗೂ ಬೆರಳಿಗೂ ಒಂದು ತಡೆಯೂ ತಿಳಿಯದಂತಾದಾಗ ಸ್ಕ್ರೂ ಬಿಗಿದು, ಅದರ ಮೊನೆಗಳಿಂದಲೇ ತಗಡಿನ ಮೇಲೆ ಗುರುತು ಹಾಕಿ.

ಕಪನೂರಿನ ಟರ್ನರ್

ಲ್ಯಾಂಟರ್ನ್ ಪಿನಿಯನ್ನಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಂಟು ಸಣ್ಣ ರಂಧ್ರಗಳನ್ನು ಎರಡು ಬಿಲ್ಲೆಗಳಲ್ಲಿ ಒಂದಕ್ಕೊಂದು ನೇರವಾಗಿ ಕೊರೆಯುವುದು ಪಿನಿಯನ್ ಕೊರೆಯುವುದಕ್ಕಿಂತ ಸುಲಭವೇನೂ ಅಲ್ಲ. ಗಡಸು ಮಾಡಿ ಪಾಲಿಶ್ ಮಾಡಿದ ಒಂದೇ ತುಂಡು ಉಕ್ಕಿನ ಪಿನಿಯನ್ ನೂರು ವರ್ಷ ನಡೆಯುತ್ತದೆ. ಕಾಕಾ ಈಗಾಗಲೇ ಕಟರ್ ಮಾಡಲು ಕಲಿತಿರುವಾಗ ಇನ್ನೊಂದು ಕಟರಿಗೆ ಹಿಂಜರಿಯಬಾರದು ಎಂಬುದು ನನ್ನ ಮಾತು. ಪಿನಿಯನ್ನಿನ ಹಲ್ಲು ಪಿಚ್ ಗೆರೆಯಲ್ಲಿ ಮಾಡ್ಯೂಲಿನ 1.05 ಪಟ್ಟು ಮಾತ್ರ ದಪ್ಪವಿರಲಿ. ಚಕ್ರದ ಹಲ್ಲಿನಷ್ಟು ದಪ್ಪ ಇಟ್ಟರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ಕಲಬುರಗಿಯ ಗಡಿಯಾರ ದುರಸ್ತಿಯವರು

ಕೊರೆದ ಪಿನಿಯನ್ನಿನ ಬಾಳಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡೂ ಬಿಲ್ಲೆಗಳನ್ನು ಒಂದರ ಮೇಲೊಂದು ಬೆಸುಗೆ ಹಾಕಿ ಒಟ್ಟಿಗೇ ಕೊರೆದು, ಆಮೇಲೆ ಕಾಯಿಸಿ ಬಿಡಿಸಿದರೆ ರಂಧ್ರಗಳು ತಪ್ಪುವ ಮಾತೇ ಇಲ್ಲ. ಮೊದಲ ಗಡಿಯಾರ ಒಮ್ಮೆ ನಡೆಯಲಿ. ನಡೆದ ಮೇಲೆ ಬೇಕಾದರೆ ಪಿನಿಯನ್ ಬದಲಿಸಲಿ.

ಯಾದಗಿರಿಯ ಗಣಿತ ಶಿಕ್ಷಕಿ

ಲೋಲಕದ ಬಗ್ಗೆ ಒಂದು ಎಚ್ಚರಿಕೆ ಹೇಳುತ್ತೇನೆ. ಹೊರದೇಶದ ನಕ್ಷೆ ನೋಡಿ ಕಡ್ಡಿ ಕತ್ತರಿಸುವ ಮೊದಲು ಇದನ್ನು ಓದಿ. ಸೆಕೆಂಡಿನ ಲೋಲಕದ ಉದ್ದ 994 ಮಿ.ಮೀ. ಎಂದು ಆ ನಕ್ಷೆಗಳಲ್ಲಿ ಇರುತ್ತದೆ. ಅದು ಲಂಡನ್ನಿನ ಅಳತೆ. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಗುರುತ್ವ ತುಸು ಕಡಿಮೆ. 1672ರಲ್ಲಿ ಜಾನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕ ದಕ್ಷಿಣ ಅಮೆರಿಕದ ಕಯೆನ್ನಿನಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡು ಇದನ್ನು ಮೊದಲು ಗುರುತಿಸಿದ. ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿಗೆ ಲೆಕ್ಕ ಹಾಕಿದರೆ 991 ಮಿ.ಮೀ. ಬರುತ್ತದೆ. ಮೂರು ಮಿಲಿಮೀಟರ್ ಎಂದು ಕಡೆಗಣಿಸಿದರೆ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಗುಂಡಿನ ಕೆಳಗಿನ ನಟ್ಟಿಗೆ ಎಂ4 (4 ಮಿ.ಮೀ. ಸ್ಕ್ರೂವಿನ) ಥ್ರೆಡ್ ಇಟ್ಟರೆ ಒಂದು ಸುತ್ತಿಗೆ 0.7 ಮಿ.ಮೀ., ಅಂದರೆ ದಿನಕ್ಕೆ ಸುಮಾರು 30 ಸೆಕೆಂಡ್ ಬದಲಾಗುತ್ತದೆ. ಉಕ್ಕಿನ ಕಡ್ಡಿಯಾದರೆ ಚಳಿಗಾಲಕ್ಕೂ ನಮ್ಮ ಬೇಸಿಗೆಗೂ ನಡುವಿನ 20 ಡಿಗ್ರಿ ವ್ಯತ್ಯಾಸಕ್ಕೆ ದಿನಕ್ಕೆ 10 ಸೆಕೆಂಡ್ ಹಿಂದೆ ಬೀಳುತ್ತದೆ. ಹಿತ್ತಾಳೆಯಾದರೆ 16 ಸೆಕೆಂಡ್.

ಹುಮನಾಬಾದಿನ ವಿದ್ಯಾರ್ಥಿ

ಉತ್ತರಿಸಿದ ಹಿರಿಯರಿಗೆಲ್ಲ ಧನ್ಯವಾದ. ಎಂಟು ಹಲ್ಲಿನ ಇನ್ವೊಲ್ಯೂಟ್ ಪಿನಿಯನ್ನನ್ನು ಕಂಪ್ಯೂಟರಿನಲ್ಲಿ ಬರೆದು ನೋಡಿದೆ. ಬುಡ ನಿಜವಾಗಿಯೂ ಕತ್ತಿನಂತೆ ಸಣ್ಣಗಾಯಿತು. ಕಾಕಾ ಅವರು ಒಪ್ಪಿದರೆ ಒಂದು ಭಾನುವಾರ ಕಲಬುರಗಿಗೆ ಬಂದು ಹಲ್ಲು ಕೊರೆಯುವುದನ್ನು ನೋಡುವ ಆಸೆಯಿದೆ.

ಕಲಬುರಗಿಯ ನಿವೃತ್ತ ಫಿಟ್ಟರ್

ಎಲ್ಲರ ಮಾತನ್ನೂ ಕಾಗದಕ್ಕೆ ಬರೆದುಕೊಂಡು ಮೂರು ವಾರ ಕೆಲಸ ಮಾಡಿದೆ. ಈಗ ವರದಿ ಒಪ್ಪಿಸುತ್ತಿದ್ದೇನೆ.

ಮೂರನೆಯ ಕಟರಿನ ಮೂಲೆ ದುಂಡು ಮಾಡಿ, ಸೋಪು ಮೆತ್ತಿ, ಅಯಸ್ಕಾಂತ ಹಿಡಿದು ನೋಡಿ, ಬೆಚ್ಚಗಿನ ಕುಸುಬೆ ಎಣ್ಣೆಗೆ ಇಳಿಸಿದೆ. ಶಬ್ದ ಬರಲಿಲ್ಲ. ಭೂತಗನ್ನಡಿಯಲ್ಲಿ ಎಷ್ಟು ಹುಡುಕಿದರೂ ಬಿರುಕು ಕಾಣಲಿಲ್ಲ, ಅರ ಜಾರಿತು. ಹದ ಇಳಿಸುವಾಗ ಮೊದಲ ಸಲ ಬಣ್ಣ ನೋಡುತ್ತ ನೋಡುತ್ತಲೇ ಕಂದಿಗೆ ದಾಟಿಹೋಯಿತು. ಬೀದರಿನವರ ಮಾತು ನೆನಪಿಟ್ಟು ಮತ್ತೆ ಮೊದಲಿನಿಂದ ಮಾಡಿದೆ. ಎರಡನೆಯ ಸಲ ಒಣಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದೆ. ಸಾಣೆಕಲ್ಲಿನ ಮೇಲೆ ಮುಂದಿನ ಮುಖವನ್ನು ಮಾತ್ರ ಉಜ್ಜಿ ಅಂಚು ಮಾಡಿಕೊಂಡೆ, ಬದಿಗಳನ್ನು ಮುಟ್ಟಲಿಲ್ಲ.

24ರ ತಟ್ಟೆಗೆ 5 ಮಿ.ಮೀ. ಅಲ್ಯೂಮಿನಿಯಂ ತಗಡು ಬಳಸಿದೆ. ಅಕ್ಕಪಕ್ಕದ ರಂಧ್ರಗಳ ಅಂತರವನ್ನು ವರ್ನಿಯರ್ ಹಿಡಿದು ಅಳೆದಾಗ ಎಲ್ಲವೂ 26ಕ್ಕೂ 26.2ಕ್ಕೂ ನಡುವೆ ಬಂದವು. ಕಪನೂರಿನ ತಮ್ಮ ಕೊಟ್ಟ ಹೆಡ್ಡಿಗೆ ಅದನ್ನು ಕೂರಿಸಿ, ಕಟರನ್ನು ಮಗುಚುವ ಪರೀಕ್ಷೆಯಿಂದ ನಡುವಿಗೆ ತಂದು, 64ರ ಚಕ್ರ ಮತ್ತೆ ಕೊರೆದೆ. ಹುಮನಾಬಾದಿನ ಹುಡುಗ ಪಕ್ಕದಲ್ಲಿ ನಿಂತು ಒಂದೊಂದು ಹಲ್ಲಿಗೂ ಹದಿನೈದು ರಂಧ್ರ ಎಣಿಸಿ ಕೂಗುತ್ತಿದ್ದ, ನಾನು ಲೇತಿನ ಹಿಡಿಕೆ ಎಳೆಯುತ್ತಿದ್ದೆ. ಕೊನೆಯ ಸಂದು ಕೊರೆಯುವಾಗ ಇಬ್ಬರೂ ಮಾತಾಡಲಿಲ್ಲ. ಅರವತ್ತನಾಲ್ಕನೆಯ ಹಲ್ಲನ್ನು ಮೈಕ್ರೊಮೀಟರಿನಿಂದ ಅಳೆದರೆ ಮೊದಲನೆಯದಕ್ಕೂ ಅದಕ್ಕೂ 0.02 ಮಿ.ಮೀ. ವ್ಯತ್ಯಾಸ ಬಂತು.

ಲ್ಯಾಂಟರ್ನ್ ಪಿನಿಯನ್ ಒಂದನ್ನು ಬೆಸುಗೆಯ ಉಪಾಯದಿಂದ ಮಾಡಿ ಡೆಪ್ತಿಂಗ್ ಟೂಲಿಗೆ ಹಾಕಿದೆ. 28.8ರಲ್ಲಿ ಚಕ್ರ ಸ್ವಲ್ಪ ಗುರುಗುಟ್ಟಿತು, 28.9ಕ್ಕೆ ಸರಿಸಿದಾಗ ಊದಿದರೂ ತಿರುಗುವಷ್ಟು ಹಗುರಾಯಿತು. ಉಕ್ಕಿನ ಪಿನಿಯನ್ನಿನ ಕಟರಿಗೂ ಒಂದು ಸರಳು ತೆಗೆದಿಟ್ಟಿದ್ದೇನೆ, ಟರ್ನರ್ ತಮ್ಮ ಬೇಸರಿಸಬಾರದು.

ಈ ವಾರ 96ರ ದೊಡ್ಡ ಚಕ್ರ ಕೊರೆಯುತ್ತೇನೆ. ಆಮೇಲೆ ಎಸ್ಕೇಪ್ ಚಕ್ರ. ಅದರ ಹಲ್ಲಿನ ಮುಂದಿನ ಮುಖ ಬುಡದ ಕಡೆಗೆ ಒಳಸರಿದಿರಬೇಕಾದ್ದರಿಂದ ಅದಕ್ಕೆ ಬೇರೆಯೇ ಕಟರ್ ಬೇಕಾಗುತ್ತದೆ. ಚಿತ್ರ ಬರೆದ ಮೇಲೆ ಇಲ್ಲಿಯೇ ಹಾಕುತ್ತೇನೆ, ಗಡಿಯಾರ ದುರಸ್ತಿಯವರು ದಯವಿಟ್ಟು ಒಮ್ಮೆ ನೋಡಬೇಕು.